ನಂದಿಯ ತಂಪು ಅಂಗಳಕ್ಕೆ ಇಳಿದೀತೆ?

ಭಾನುವಾರ ಬಂತೆಂದರೆ ನಂದಿಬೆಟ್ಟದ ದಾರಿಯಲ್ಲಿ ಜನಜಾತ್ರೆ. ಚಿಂತಾಮಣಿಯಿಂದಲೋ ಶಿಡ್ಲಘಟ್ಟದಿಂದಲೋ ಮಕ್ಕಳೊಂದಿಗೆ ಬಂದ ಸಂಸಾರವೊಂದು ಮಂಜು, ಹಸಿರು ಹುಲ್ಲು, ಹೂವಿನ ಪಾತಿಗಳನ್ನು ಕಣ್ತುಂಬ ನೋಡಿ ಬೆಟ್ಟ ಇಳಿಯುವ ಹೊತ್ತಿಗೆ ಮಗಳ ಬಾಯಿಂದ ಒಂದು ಮಾತು ಬಂದೇ ಬರುತ್ತದೆ: "ಅಪ್ಪಾ, ನಮ್ಮನೇಲೂ ಇಂಥದ್ದೇ ದೊಡ್ಡ ತೋಟ ಮಾಡೋಣ." ಅಪ್ಪನಿಗೂ ಆಸೆ. ದಾರಿಯ ನರ್ಸರಿಯಲ್ಲಿ ತಂಪು ನಾಡಿನ ನಾಲ್ಕಾರು ಗಿಡ ಕೊಳ್ಳುತ್ತಾರೆ. ಶಿವರಾತ್ರಿ ಕಳೆದು ಯುಗಾದಿ ಬರುವಷ್ಟರಲ್ಲಿ ಎಲೆಗಳ ಅಂಚು ಸುಟ್ಟು, ಮೊಗ್ಗು ಉದುರಿ, ಗಿಡ ಬರೀ ಕಡ್ಡಿಯಾಗಿರುತ್ತದೆ. "ನೀರು ಸಾಲಲಿಲ್ಲ" ಎನ್ನುತ್ತಾರೆ ಅಮ್ಮ. "ಗೊಬ್ಬರ ಸಾಲಲಿಲ್ಲ" ಎನ್ನುತ್ತಾರೆ ಅಜ್ಜ. ನಿಜವಾಗಿ ಸಾಲದೆ ಹೋದದ್ದು ಎತ್ತರ!

ಬೆಟ್ಟದ ಮೇಲೆ ತಂಪೇಕೆ? ಎತ್ತರಕ್ಕೆ ಹೋದರೆ ಸೂರ್ಯನಿಗೆ ಹತ್ತಿರವಾದಂತೆ, ಬಿಸಿ ಹೆಚ್ಚಬೇಕಲ್ಲವೆ ಎಂದು ಎಷ್ಟೋ ವಿದ್ಯಾರ್ಥಿಗಳು ಕೇಳುವುದುಂಟು. ಸೂರ್ಯ ಇರುವುದು ಸುಮಾರು 15 ಕೋಟಿ ಕಿಲೋಮೀಟರ್ ದೂರದಲ್ಲಿ. ಅದರ ಮುಂದೆ ಒಂದೂವರೆ ಕಿಲೋಮೀಟರ್ ಯಾವ ಲೆಕ್ಕ? ಬಿಸಿಲು ಗಾಳಿಯನ್ನು ನೇರವಾಗಿ ಕಾಯಿಸುವುದು ಕಡಿಮೆ. ಅದು ಮೊದಲು ನೆಲವನ್ನು ಕಾಯಿಸುತ್ತದೆ, ನೆಲ ಗಾಳಿಯನ್ನು ಕಾಯಿಸುತ್ತದೆ. ಕಾದ ಗಾಳಿ ಮೇಲೇರಿದಂತೆ ಅದರ ಮೇಲಿನ ಒತ್ತಡ ಇಳಿಯುತ್ತದೆ. ಗಾಳಿ ಹಿಗ್ಗುತ್ತದೆ, ಹಿಗ್ಗುವಾಗ ತನ್ನೊಳಗಿನ ಶಾಖವನ್ನೇ ಖರ್ಚು ಮಾಡಿ ತಣ್ಣಗಾಗುತ್ತದೆ. ಸೈಕಲ್ ಟ್ಯೂಬಿನಿಂದ ಬುಸ್ಸೆಂದು ಹೊರಬರುವ ಗಾಳಿಗೆ ಬೆರಳೊಡ್ಡಿದರೆ ತಂಪೆನಿಸುತ್ತದಲ್ಲ, ಅದೇ ತತ್ವ.

ಸರಾಸರಿ ಲೆಕ್ಕದಲ್ಲಿ ಪ್ರತಿ 1000 ಮೀಟರ್ ಎತ್ತರಕ್ಕೆ 6.5 ಡಿಗ್ರಿ ಸೆಲ್ಸಿಯಸ್‌ನಷ್ಟು ಉಷ್ಣಾಂಶ ಇಳಿಯುತ್ತದೆ. ನಂದಿಬೆಟ್ಟದ ಎತ್ತರ ಸಮುದ್ರಮಟ್ಟದಿಂದ 1478 ಮೀಟರ್. ಚಿಕ್ಕಬಳ್ಳಾಪುರ ಸುಮಾರು 915 ಮೀಟರ್, ಶಿಡ್ಲಘಟ್ಟ ಮತ್ತು ಚಿಂತಾಮಣಿ ಅದಕ್ಕಿಂತ ತುಸು ಕೆಳಗೆ, ಗೌರಿಬಿದನೂರು ಸುಮಾರು 700 ಮೀಟರ್. ಅಂದರೆ ಬೆಟ್ಟಕ್ಕಿಂತ ಚಿಕ್ಕಬಳ್ಳಾಪುರ ಮೂರೂವರೆ ಡಿಗ್ರಿಯಷ್ಟು, ಗೌರಿಬಿದನೂರು ಐದು ಡಿಗ್ರಿಯಷ್ಟು ಹೆಚ್ಚು ಬಿಸಿ. ಮೈಸೂರಿನ ಕಮಿಷನರ್ ಆಗಿದ್ದ ಮಾರ್ಕ್ ಕಬ್ಬನ್ ಬೇಸಿಗೆಗೆಂದು ಬೆಟ್ಟದ ಮೇಲೆ ಮನೆ ಮಾಡಿಕೊಂಡದ್ದೂ, 1927ರಲ್ಲಿ ಗಾಂಧೀಜಿ ಆರೋಗ್ಯ ಸುಧಾರಿಸಿಕೊಳ್ಳಲು ಅಲ್ಲಿ ತಂಗಿದ್ದೂ ಈ ಕೆಲವೇ ಡಿಗ್ರಿಗಳಿಗಾಗಿ.

ಮನುಷ್ಯನಾದರೆ ಫ್ಯಾನು ಹಾಕಿಕೊಂಡಾನು. ಗಿಡ ಏನು ಮಾಡೀತು? ಹಗಲಲ್ಲಿ ಗಿಡ ಬೆಳಕಿನಿಂದ ಆಹಾರ ತಯಾರಿಸುತ್ತದೆ. ಉಸಿರಾಟಕ್ಕಾಗಿ ಆ ಆಹಾರವನ್ನು ಹಗಲೂ ರಾತ್ರಿಯೂ ಖರ್ಚು ಮಾಡುತ್ತದೆ. ರಾತ್ರಿ ಬೆಚ್ಚಗಿದ್ದಷ್ಟೂ ಖರ್ಚು ಹೆಚ್ಚು. ಸಂಪಾದನೆಗಿಂತ ಖರ್ಚು ಜಾಸ್ತಿಯಾದ ಸಂಸಾರದಂತೆ ತಂಪು ನಾಡಿನ ಗಿಡ ಬೇಸಿಗೆಯಲ್ಲಿ ಸೊರಗುವುದಕ್ಕೆ ಇದೊಂದು ಮುಖ್ಯ ಕಾರಣ. ಆಲೂಗಡ್ಡೆಯನ್ನೇ ನೋಡಿ. ರಾತ್ರಿ 20 ಡಿಗ್ರಿಗಿಂತ ಕೆಳಗಿದ್ದರೆ ಗೆಡ್ಡೆ ಚೆನ್ನಾಗಿ ಕಟ್ಟುತ್ತದೆ. ರಾತ್ರಿ ಬಿಸಿಯೇರಿದರೆ ಗಿಡ ಸೊಂಪಾಗಿ ಕಂಡರೂ ಮಣ್ಣಿನೊಳಗೆ ಗೆಡ್ಡೆ ಚಿಕ್ಕದು. ಸೇಬಿನ ಸಂಗತಿ ಇನ್ನೂ ಕಠಿಣ. ಅದರ ಹಲವು ತಳಿಗಳಿಗೆ ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ 800ರಿಂದ 1000 ಗಂಟೆಗಳಷ್ಟು ಬೇಕು. ನಂದಿಬೆಟ್ಟದ ಮೇಲೂ ಅಷ್ಟು ಚಳಿ ಸಿಗದು.

ಹಾಗಾದರೆ ಮಗಳ ಆಸೆ ಕೈಬಿಡಬೇಕೆ? ಬೇಕಿಲ್ಲ. ಬೆಟ್ಟವನ್ನು ಅಂಗಳಕ್ಕೆ ತರಲಾಗದು, ನಿಜ. ಆದರೆ ತಂಪೆಂಬುದು ಜಾಗದ ಗುಣ ಮಾತ್ರವಲ್ಲ, ಕಾಲದ ಗುಣವೂ ಹೌದು. ದಸರಾ ಕಳೆದ ಮೇಲೆ ಈ ತಾಲ್ಲೂಕುಗಳಲ್ಲಿ ರಾತ್ರಿಗಳು ತಣ್ಣಗಾಗುತ್ತ ಹೋಗುತ್ತವೆ. ಆಗ ಬಿತ್ತಿದರೆ ಪಿಟೂನಿಯ, ಫ್ಲಾಕ್ಸ್, ಡಯಾಂಥಸ್, ಪ್ಯಾನ್ಸಿ ಹೂಗಳೂ ಕ್ಯಾರೆಟ್, ನವಿಲುಕೋಸು, ಬಟಾಣಿಗಳೂ ಶಿವರಾತ್ರಿಯೊಳಗೆ ತಮ್ಮ ಆಟ ಮುಗಿಸುತ್ತವೆ. ಬೇಸಿಗೆಯಲ್ಲಿ ಅವನ್ನು ಉಳಿಸಿಕೊಳ್ಳಲು ಹೆಣಗುವ ಬದಲು, ಬೀಜ ಕೂಡಿಟ್ಟು ಮುಂದಿನ ದಸರೆಗೆ ಕಾಯುವುದು ಜಾಣತನ.

ಎರಡನೆಯ ಉಪಾಯ ನೆರಳು. ಮನೆಯ ಪೂರ್ವ ದಿಕ್ಕಿನ ಜಾಗಕ್ಕೆ ಬೆಳಗಿನ ಎಳೆಬಿಸಿಲು ಬಿದ್ದು, ಮಧ್ಯಾಹ್ನದ ಮೇಲೆ ಗೋಡೆಯ ನೆರಳು ಸಿಗುತ್ತದೆ. ಸೂಕ್ಷ್ಮ ಗಿಡಗಳಿಗೆ ಅದೇ ಸರಿಯಾದ ತಾಣ. ಪಶ್ಚಿಮಕ್ಕೆ ಒಂದು ಹೊಂಗೆ ಮರವಿದ್ದರೆ ಇನ್ನೂ ಲೇಸು. ಯುಗಾದಿಯ ಹೊತ್ತಿಗೆ ಅದು ಹೊಸ ಚಿಗುರು ತುಂಬಿಕೊಂಡು, ಬೇಕಾದ ಕಾಲಕ್ಕೇ ನೆರಳು ಕೊಡುತ್ತದೆ. ಎಲೆಗಳು ಹೊರಬಿಡುವ ನೀರು ಆವಿಯಾಗುವಾಗ ಸುತ್ತಲ ಶಾಖವನ್ನೂ ಹೀರುತ್ತದೆ. ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಯುವ ಮಟ್ಟಕ್ಕೆ ತರಲು 80 ಕಿಲೋಕ್ಯಾಲರಿ ಸಾಕು. ಅಷ್ಟೇ ನೀರು ಮಾಮೂಲು ಉಷ್ಣಾಂಶದಲ್ಲಿ ಆವಿಯಾಗಲು ಅದರ ಏಳರಷ್ಟು ಬೇಕು. ಮಣ್ಣಿನ ಹೂಜಿಯ ನೀರು ತಂಪಾಗುವುದೂ, ಮರದ ಕೆಳಗೆ ಹಾಯೆನಿಸುವುದೂ ಇದರಿಂದಲೇ.

ಮೂರನೆಯದು ಬೇರಿಗೆ ತಂಪು. ಬರಿಯ ನೆಲ ಬಿಸಿಲಿಗೆ ಕಾದ ಹೆಂಚಾಗುತ್ತದೆ. ಅದರ ಮೇಲೆ ನಾಲ್ಕು ಬೆರಳು ದಪ್ಪ ತರಗೆಲೆ ಹರಡಿದರೆ ಮಣ್ಣು ತಣ್ಣಗೂ ತೇವವಾಗಿಯೂ ಉಳಿಯುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ. ಚಿಂತಾಮಣಿಯವರಿಗೆ ಕಡಲೆಕಾಯಿ ಸಿಪ್ಪೆಯಿದೆ. ಶಿಡ್ಲಘಟ್ಟದವರಿಗೆ ರೇಷ್ಮೆ ಹುಳು ಸೊಪ್ಪು ತಿಂದು ಬಿಟ್ಟ ಹಿಪ್ಪುನೇರಳೆ ಕಡ್ಡಿಯಿದೆ.

ಇಷ್ಟಾದರೂ ದೊಡ್ಡ ತೋಟವೆಂದರೆ ಮೊದಲು ಕೇಳಬೇಕಾದ ಪ್ರಶ್ನೆ ನೀರಿನದು. ಅರ್ಕಾವತಿಯೂ ಎರಡು ಪಿನಾಕಿನಿಗಳೂ ಹುಟ್ಟುವುದು ನಂದಿಯ ಸುತ್ತಲಿನ ಬೆಟ್ಟಗಳಲ್ಲೇ. ಆದರೂ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಕೊಳವೆಬಾವಿ ಸಾವಿರ ಅಡಿ ದಾಟಿದ ಊರುಗಳು ಎಷ್ಟೋ. ಹಲವೆಡೆ ಆ ನೀರಿನಲ್ಲಿ ಫ್ಲೋರೈಡ್ ಬೇರೆ. ಈಗ ಒಂದು ಲೆಕ್ಕ ಮಾಡಿ. ಬೇಸಿಗೆಯಲ್ಲಿ ಹುಲ್ಲುಹಾಸಿಗೆ ದಿನಕ್ಕೆ 5 ಮಿಲಿಮೀಟರ್ ನೀರು ಬೇಕೆಂದಿಟ್ಟುಕೊಳ್ಳಿ. ಹತ್ತು ಮೀಟರ್ ಉದ್ದ, ಹತ್ತು ಮೀಟರ್ ಅಗಲದ ಹಾಸಿಗೆ ದಿನಕ್ಕೆ 500 ಲೀಟರ್, ನೂರು ದಿನಕ್ಕೆ 50,000 ಲೀಟರ್. 30 ಅಡಿಗೆ 40 ಅಡಿಯ ತಾರಸಿಯ ಮೇಲೆ ವರ್ಷಕ್ಕೆ 700 ಮಿಲಿಮೀಟರ್ ಮಳೆ ಬಿದ್ದು, ಅದರಲ್ಲಿ ಐದನೇ ಒಂದು ಪಾಲು ನಷ್ಟವಾದರೂ ಕೂಡಿಡಬಹುದಾದದ್ದು ಸುಮಾರು 62,000 ಲೀಟರ್. ಇಡೀ ವರ್ಷ ಮನೆಯ ಮೇಲೆ ಬಿದ್ದ ಮಳೆಯ ಬಹುಪಾಲನ್ನು ಒಂದು ತುಂಡು ಹುಲ್ಲು ಒಂದೇ ಬೇಸಿಗೆಯಲ್ಲಿ ಕುಡಿದುಬಿಡುತ್ತದೆ! ಅದೇ ಮಳೆನೀರಲ್ಲಿ ಹೊದಿಕೆ ಹಾಕಿದ ನುಗ್ಗೆ, ಕರಿಬೇವು, ದಾಸವಾಳ, ಮಲ್ಲಿಗೆಗಳ ತೋಟ ಸಲೀಸಾಗಿ ಬದುಕೀತು.

ಬೇರೆ ನಾಡಿನ ಗಿಡವೆಲ್ಲ ಕೆಟ್ಟದ್ದೆಂದು ಇದರರ್ಥವಲ್ಲ. ಮೆಕ್ಸಿಕೊ ಕಡೆಯ ಸೀಮೆಬದನೆಯನ್ನು ಇಲ್ಲಿಗೆ ಪರಿಚಯಿಸಿದವರು 19ನೇ ಶತಮಾನದ ಕೊನೆಯ ಭಾಗದಲ್ಲಿ ಲಾಲ್‌ಬಾಗ್ ನೋಡಿಕೊಳ್ಳುತ್ತಿದ್ದ ಜಾನ್ ಕ್ಯಾಮರಾನ್. ಬೆಂಗಳೂರಿನ ಎತ್ತರ ಅದಕ್ಕೆ ಒಗ್ಗಿತು. ಚಿಂತಾಮಣಿಯ ತೆಲುಗು ಮನೆಮಾತಿನವರು ಇಂದಿಗೂ ಅದನ್ನು 'ಬೆಂಗಳೂರು ವಂಕಾಯ' ಎನ್ನುತ್ತಾರೆ. ಇನ್ನೊಂದು ಗಿಡದ ಕಥೆ ಬೇರೆ. ಆಸ್ಟ್ರೇಲಿಯಾದ ನೀಲಗಿರಿ ಮರವನ್ನು ಭಾರತದಲ್ಲಿ ಮೊದಲು ನೆಟ್ಟದ್ದು 1790ರ ಸುಮಾರಿಗೆ, ಇದೇ ನಂದಿಬೆಟ್ಟದ ಟಿಪ್ಪುವಿನ ತೋಟದಲ್ಲಿ ಎಂದು ಅರಣ್ಯಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ತೋಟದ ಶೋಭೆಗೆ ಬಂದ ಜಾತಿ, 1980ರ ದಶಕದಲ್ಲಿ ಕೋಲಾರ ಸೀಮೆಯ ಹೊಲಹೊಲಕ್ಕೂ ಹಬ್ಬಿತು. ಅಂತರ್ಜಲಕ್ಕೆ ಕುತ್ತೆಂಬ ಕೂಗೆದ್ದು, 2017ರಲ್ಲಿ ರಾಜ್ಯ ಸರಕಾರ ಹೊಸದಾಗಿ ನೀಲಗಿರಿ ನೆಡುವುದನ್ನೇ ನಿಷೇಧಿಸಿತು. ಒಂದು ಅಂಗಳದ ಗಿಡ ಒಂದು ಅಂಗಳದಲ್ಲೇ ಉಳಿಯುವುದೆಂಬ ಭರವಸೆಯಿಲ್ಲ.

ಆದ್ದರಿಂದ ಕುಂಡ ಕೊಳ್ಳುವ ಮೊದಲು ಎರಡು ಥರ್ಮಾಮೀಟರ್ ಕೊಳ್ಳುವುದು ಒಳ್ಳೆಯದು. ಒಂದನ್ನು ಬರಿನೆಲದ ಮಣ್ಣಿನಲ್ಲಿ, ಇನ್ನೊಂದನ್ನು ತರಗೆಲೆ ಹೊದಿಸಿದ ಮಣ್ಣಿನಲ್ಲಿ ಮೂರು ಬೆರಳು ಆಳಕ್ಕಿಟ್ಟು, ಮಧ್ಯಾಹ್ನ ಎರಡಕ್ಕೂ ರಾತ್ರಿ ಒಂಬತ್ತಕ್ಕೂ ಓದಿ ಬರೆದಿಡಬೇಕು. ಗೌರಿಬಿದನೂರಿನ ಶಾಲೆಯ ಮಕ್ಕಳೂ ಚಿಕ್ಕಬಳ್ಳಾಪುರದ ಮಕ್ಕಳೂ ಒಂದೇ ದಿನ, ಒಂದೇ ಹೊತ್ತಿಗೆ ಅಳೆದು ಹೋಲಿಸಿದರೆ ಎತ್ತರದ ಪಾಠ ಪುಸ್ತಕವಿಲ್ಲದೆ ತಿಳಿಯುತ್ತದೆ. ಆ ಪಟ್ಟಿ ಕೈಲಿದ್ದರೆ ಯಾವ ಗಿಡ, ಯಾವ ಮೂಲೆ, ಯಾವ ತಿಂಗಳು ಎಂಬುದನ್ನು ಅಪ್ಪನಿಗೆ ಹೇಳಿಕೊಡುವವಳು ಮಗಳೇ.