ಅವರ ಹಾಡು ಹೊಸದಾಗಬಹುದು, ನಮ್ಮದು ಯಾಕಾಗಬಾರದು?



ಹಂಪಿ ಉತ್ಸವ ಬಂತೆಂದರೆ ಮುಖ್ಯ ವೇದಿಕೆಯ ರಾತ್ರಿ ಸಿನಿಮಾ ಗಾಯಕರಿಗೆ, ಜಾನಪದ ವಾಹಿನಿಯ ಮೆರವಣಿಗೆ ನಮ್ಮವರಿಗೆ. ಅವರು ನಿಂತು ಹಾಡುತ್ತಾರೆ, ಜನ ಕೂತು ಕೇಳುತ್ತಾರೆ. ನಮ್ಮವರು ನಡೆನಡೆಯುತ್ತಲೇ ಬಾರಿಸಬೇಕು, ಜನ ಫೋಟೋ ಹೊಡೆದುಕೊಂಡು ಹೋಗುತ್ತಾರೆ. ಸಿನಿಮಾದವರು ಹಳೇ ಪದಕ್ಕೆ ಗಿಟಾರು ಸೇರಿಸಿದರೆ ಪ್ರಯೋಗ. ನಮ್ಮ ಹುಡುಗ ಹಲಗೆ ಜೊತೆ ಕೀಬೋರ್ಡು ಇಟ್ಟರೆ ಕಲಬೆರಕೆ! ಇದ್ಯಾವ ನ್ಯಾಯಾರೀ?

"ಮೂಲ ಕೆಡಿಸಬೇಡಿ" ಎಂದು ನಮಗೆ ಬುದ್ಧಿ ಹೇಳುವ ಪಂಡಿತರನ್ನು ಕೇಳೋಣ: ಮೂಲ ಅಂದರೇನು?

ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರನ್ನು ನೆನೆಯಿರಿ. ಅಲೆಮಾರಿ ಬುಡ್ಗ ಜಂಗಮರ ಮಗಳು. ಅಕ್ಷರ ಕಲಿಯದ ಈ ಅವ್ವನ ನಾಲಿಗೆ ಮೇಲೆ 12 ಕಾವ್ಯಗಳಿದ್ದವು. ಕಂಪ್ಲಿಯ ಕುಮಾರರಾಮನ ಕಥೆ ಅವುಗಳಲ್ಲೊಂದು. 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ ಬಂತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಎಂದು ಕರೆಯಿತು. 2014ರ ಆಗಸ್ಟ್‌ನಲ್ಲಿ ತೀರಿಕೊಂಡರು.

ಇಂಥ ಕಾವ್ಯವನ್ನು ಯಾರೂ ಬಂಡೆಯ ಮೇಲೆ ಕೆತ್ತಿಟ್ಟಿಲ್ಲ. ಹಾಡುವವಳು ಎದುರಿಗೆ ಕೂತವರ ಮುಖ ನೋಡಿ ಹಿಗ್ಗಿಸುತ್ತಾಳೆ, ಕುಗ್ಗಿಸುತ್ತಾಳೆ. ಆಂಧ್ರದ ಬುರ್ರಕಥೆಯ ಕಟ್ಟೇ ಹಂಗೈತಿ: ಮುಖ್ಯ ಕಥೆಗಾರ ತಂಬೂರಿ ಹಿಡಿದು ಕಥೆ ಹೇಳುವಾಗ ಪಕ್ಕದವನೊಬ್ಬ ನಗಿಸುತ್ತಾನೆ, ಇನ್ನೊಬ್ಬ ಇವತ್ತಿನ ರಾಜಕೀಯ ಎತ್ತುತ್ತಾನೆ. 1940ರ ದಶಕದಲ್ಲಿ ಪ್ರಜಾ ನಾಟ್ಯ ಮಂಡಲಿಯ ಶೇಖ್ ನಾಜರ್ ಇದೇ ಬುರ್ರಕಥೆಯಲ್ಲಿ ಬಂಗಾಳದ ಬರಗಾಲ ಹಾಡಿದರು. ಮದ್ರಾಸ್ ಪ್ರಾಂತ್ಯದ ಸರ್ಕಾರ, ಹೈದರಾಬಾದಿನ ನಿಜಾಮ ಇಬ್ಬರೂ ಹೆದರಿ ಬುರ್ರಕಥೆಗೆ ನಿಷೇಧ ಹಾಕಿದರು. ಆಗ ನಮ್ಮ ಬಳ್ಳಾರಿ ಜಿಲ್ಲೆಯೂ ಮದ್ರಾಸಿನ ಕೈಕೆಳಗೇ ಇತ್ತು. ಹಾಡು ಸತ್ತಿದ್ದರೆ ಸರ್ಕಾರ ಯಾಕೆ ಹೆದರುತ್ತಿತ್ತು? ಕಾಲಕ್ಕೆ ತಕ್ಕ ಮಾತು ಸೇರಿದ್ದರಿಂದಲೇ ಅದಕ್ಕೆ ಜನರೂ ಸಿಕ್ಕರು, ಸಾಚಾತನವೂ ಉಳಿಯಿತು.

ಇನ್ನು ನಮ್ಮೊಳಗಿನ ಜಗಳ. ಹಾಸ್ಟೆಲಿನ ಕೆಲ ಗೆಳೆಯರು ಹೇಳುತ್ತಾರೆ: "ಹಲಗೆ ಗುಲಾಮಗಿರಿಯ ಗುರುತು, ಬಿಸಾಕಿ." ಈ ಸಿಟ್ಟು ನ್ಯಾಯವಾದದ್ದು. ಹೆಣದ ಮುಂದೆ, ಜಾತ್ರೆಯ ಮುಂದೆ ಬಿಟ್ಟಿ ಬಾರಿಸಿ ಸವೆದ ಕೈಗಳ ನೋವು ಅದರಲ್ಲಿದೆ. ಆದರೆ ಬಿಸಾಕಬೇಕಾದ್ದು ಬಿಟ್ಟಿ ಚಾಕರಿಯನ್ನು. ಹಲಗೆಯ ತೊಗಲು ಹದ ಮಾಡಿದವರು ನಾವು, ನಾದ ಹುಟ್ಟಿಸಿದವರು ನಾವು. ಅದನ್ನು ಯಾರಿಗೆ ಬಿಟ್ಟುಕೊಡೋಣ?

ಇನ್ನು ಕೆಲವರದು ಒಂದೇ ಮಾತು: "ಜನಕ್ಕೆ ಬೇಕಾದ್ದು ಕೊಡೋಣ." ಬಾಬಾಸಾಹೇಬರ ಜಯಂತಿಗೆ ಡಿಜೆ ಹಚ್ಚಿ ಕುಣಿಯುವುದು ಪಾಪವಲ್ಲ. ಆದರೆ ಸಿನಿಮಾ ಧಾಟಿಗೆ ಅವರ ಹೆಸರು ಅಂಟಿಸಿದ ಮಾತ್ರಕ್ಕೆ ಅದು ನಮ್ಮ ಹಾಡಾಗುತ್ತದೆಯೇ?

ಯಾವ ಹಾಡು ಬಂದರೂ ನಾವು ಮೂರು ಪ್ರಶ್ನೆ ಹಾಕಬೇಕು. ಹಾಡಿದವನು ತನಗೆ ತೋಚಿದ್ದು ಹಾಡ್ಯಾನೋ? ಹಾಡಿದ್ದಕ್ಕೆ ಸರಿಯಾದ ಕೂಲಿ ಸಿಕ್ಕೈತೋ? ಕೇರಿಯ ಮುದುಕಿಗೆ ಆ ಹಾಡು ತನ್ನದು ಅನ್ನಿಸಿತೋ?

ಸರ್ಕಾರಕ್ಕೆ ನಮ್ಮ ಬೇಡಿಕೆ ಸ್ಪಷ್ಟ. ಉತ್ಸವದ ಮುಖ್ಯ ವೇದಿಕೆಯಲ್ಲಿ ಒಂದು ಇಡೀ ರಾತ್ರಿ ಬುರ್ರಕಥೆಗೆ ಬೇಕು. ಸಿನಿಮಾದವರಿಗೆ ಕೊಡುವ ಹಾಗೆ ನಮ್ಮವರಿಗೂ ಮುಂಗಡ ಬೇಕು. ಏನು ಹಾಡಬೇಕೆಂದು ಹಾಡುವವರೇ ತೀರ್ಮಾನಿಸಬೇಕು.

ಹೊಸಪೇಟೆಯ ಹಾಸ್ಟೆಲ್ ಹುಡುಗ ಹುಡುಗಿಯರೇ, ರಜೆಯಲ್ಲಿ ದರೋಜಿಗೆ ಹೋಗಿ, ಕಂಪ್ಲಿಗೆ ಹೋಗಿ. ಹಾಡುವ ಹಿರಿಯರ ಮುಂದೆ ಕೂತು ಕಲಿಯಿರಿ. ಕಲಿತದ್ದಕ್ಕೆ ನಿಮ್ಮ ಮಾತು ಸೇರಿಸಿ, ಮುಂದಿನ ಸಭೆಯಲ್ಲಿ ಹಾಡಿ. ಕಲಬೆರಕೆ ಎಂದು ಯಾರಾದರೂ ಕೂಗಿದರೆ ಹಲಗೆ ಇನ್ನೂ ಜೋರಾಗಿ ಬಾರಿಸಿ.

ಜೈ ಭೀಮ್.