ಮೂರು ತಿಂಗಳ ಕೋರ್ಸ್ ಮಾಡಿದರೆ ಏರ್‌ಪೋರ್ಟ್‌ನಲ್ಲಿ ಕೆಲಸ ಗ್ಯಾರಂಟಿಯೇ?

‘ಪಿಯುಸಿ ಆಗಿದ್ದರೆ ಸಾಕು. ಮೂರು ತಿಂಗಳ ಲಾಜಿಸ್ಟಿಕ್ಸ್ ಕೋರ್ಸ್, ಮುಗಿದ ತಕ್ಷಣ ಏರ್‌ಪೋರ್ಟ್‌ನಲ್ಲಿ ಕೆಲಸ. ಸೀಟು ಕೆಲವೇ ಇವೆ, ಇಂದೇ ಹಣ ಕಟ್ಟಿ.’ ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು.

ಆವತಿಯಂಥ ಊರಲ್ಲಿ ಇದನ್ನು ನಂಬುವುದು ಸುಲಭ. ದೇವನಹಳ್ಳಿ ದಾಟಿದರೆ ವಿಮಾನ ನಿಲ್ದಾಣ. ಹೆದ್ದಾರಿಯಲ್ಲಿ ಹಗಲೂ ರಾತ್ರಿ ಲಾರಿಗಳು. ಕೆಲಸ ಕಣ್ಣೆದುರಿಗೇ ಇದೆ. ಹಾಗಾಗಿ ಒಡವೆ ಅಡವಿಟ್ಟಾದರೂ ಶುಲ್ಕ ಕಟ್ಟೋಣ ಎನಿಸುತ್ತದೆ. ಅದಕ್ಕೆ ಮೊದಲು ಯಾವುದು ನಿಜ, ಯಾವುದು ಅಲ್ಲ ಎಂದು ನೋಡೋಣ.

ಲಾಜಿಸ್ಟಿಕ್ಸ್ ಅಂದರೆ ಬರೀ ಮೂಟೆ ಹೊರುವ ಕೆಲಸವೇ?

ಅಲ್ಲ. ಈ ಭಾಗದ ಪಾಲಿಹೌಸ್‌ನಲ್ಲಿ ಕಿತ್ತ ಗುಲಾಬಿ ವಿದೇಶಕ್ಕೆ ಹೋಗಬೇಕು ಎಂದುಕೊಳ್ಳಿ. ಹೂವನ್ನು ತಂಪಾಗಿಡಬೇಕು, ಪ್ಯಾಕ್ ಮಾಡಬೇಕು, ರೆಫ್ರಿಜರೇಟೆಡ್ ಗಾಡಿ ಗೊತ್ತು ಮಾಡಬೇಕು. ಸಸ್ಯ ಆರೋಗ್ಯ ಪ್ರಮಾಣಪತ್ರ, ಕಸ್ಟಮ್ಸ್ ಕಾಗದಪತ್ರ ಸಿದ್ಧವಿರಬೇಕು. ವಿಮಾನದಲ್ಲಿ ಜಾಗ ಕಾಯ್ದಿರಿಸಬೇಕು. ಒಂದು ಕಡೆ ತಡವಾದರೂ ಹೂವು ಬಾಡುತ್ತದೆ, ರೈತನಿಗೆ ನಷ್ಟ. ಈ ಇಡೀ ಸರಪಳಿಯೇ ಲಾಜಿಸ್ಟಿಕ್ಸ್. ಇದರಲ್ಲಿ ಚಾಲಕ, ಫೋರ್ಕ್‌ಲಿಫ್ಟ್ ಆಪರೇಟರ್, ಗೋದಾಮು ಸೂಪರ್‌ವೈಸರ್, ದಾಖಲೆ ನೋಡುವವರು, ಲೆಕ್ಕ ಹಾಕುವವರು ಎಲ್ಲರಿಗೂ ಜಾಗವಿದೆ.

ಈ ಕ್ಷೇತ್ರ ಬೆಳೆಯುತ್ತಿದೆ ಎನ್ನುವುದು ನಿಜವೇ?

ನಿಜ. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ, ತೆರಿಗೆಗಾಗಿ ರಾಜ್ಯಕ್ಕೊಂದು ಸಣ್ಣ ಗೋದಾಮು ಇಡುವ ಅಗತ್ಯ ಕಡಿಮೆಯಾಯಿತು. ಕಂಪನಿಗಳು ದೊಡ್ಡ ಗೋದಾಮುಗಳತ್ತ ಹೊರಳಿದವು. ಹೊಸಕೋಟೆ, ನೆಲಮಂಗಲದ ಕಡೆ ಹೋದರೆ ಅವು ಕಾಣುತ್ತವೆ. 2022ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯನ್ನೂ ಪ್ರಕಟಿಸಿತು.

ಹಾಗಾದರೆ ಕೋರ್ಸ್ ಮಾಡಿದರೆ ಕೆಲಸ ಖಚಿತವೇ?

ಖಚಿತವಿಲ್ಲ. ಫಾರ್ವರ್ಡ್ ಸುಳ್ಳು ಹೇಳುವುದು ಇಲ್ಲೇ. ವಿಮಾನ ನಿಲ್ದಾಣದ ನಿರ್ಬಂಧಿತ ಜಾಗಕ್ಕೆ ಹೋಗಲು ನಾಗರಿಕ ವಿಮಾನಯಾನ ಭದ್ರತಾ ಬ್ಯೂರೋದ ಪಾಸ್ ಬೇಕು. ಕೆಲಸ ಕೊಟ್ಟ ಸಂಸ್ಥೆಯ ಮೂಲಕ ಅರ್ಜಿ ಹೋಗಿ, ಹಿನ್ನೆಲೆ ಪರಿಶೀಲನೆ ಆದ ಮೇಲಷ್ಟೇ ಅದು ಸಿಗುತ್ತದೆ. ಕೋರ್ಸ್ ನಡೆಸುವವರು ಅದನ್ನು ಕೊಡಲಾರರು. ಕಸ್ಟಮ್ಸ್ ಬ್ರೋಕರ್ ಆಗಲು ಪದವಿ ಇರಬೇಕು, ಇಲಾಖೆಯ ಪರೀಕ್ಷೆಯನ್ನೂ ಪಾಸಾಗಬೇಕು. ಲಿಥಿಯಂ ಬ್ಯಾಟರಿಯಂಥ ಅಪಾಯಕಾರಿ ಸರಕನ್ನು ವಿಮಾನಕ್ಕೆ ಸಿದ್ಧಪಡಿಸುವವರಿಗೆ ಡಿಜಿಸಿಎ ಮಾನ್ಯತೆಯ ತರಬೇತಿ ಬೇಕು. ಎರಡು ವರ್ಷಕ್ಕೊಮ್ಮೆ ಅದನ್ನು ನವೀಕರಿಸಬೇಕು. ಇಂಥ ಕಡೆ ಯಾವುದೋ ಸರ್ಟಿಫಿಕೇಟ್ ತೋರಿಸಿದರೆ ನಡೆಯುವುದಿಲ್ಲ.

ಸೇರುವ ಮುನ್ನ ಏನು ಕೇಳಬೇಕು?

• ಕೆಲಸ ಕೊಡುವ ಕಂಪನಿ ಯಾವುದು? ನೇಮಕ ಪತ್ರ ಯಾರ ಹೆಸರಲ್ಲಿ ಬರುತ್ತದೆ? ಬಹಳಷ್ಟು ಕೆಲಸ ಗುತ್ತಿಗೆದಾರರ ಮೂಲಕ ನಡೆಯುತ್ತದೆ.
• ಪಿಎಫ್, ಇಎಸ್‌ಐ ಇದೆಯೇ? ಸೇರಿದ ಮೇಲೆ ಪಿಎಫ್ ಪಾಸ್‌ಬುಕ್ ನೀವೇ ನೋಡಿಕೊಳ್ಳಿ.
• ರಾತ್ರಿ ಪಾಳಿಗೆ ಹೋಗಿ ಬರಲು ವಾಹನ ಉಂಟೇ?
• ಎರಡು ವರ್ಷದ ನಂತರ ಯಾವ ಹುದ್ದೆಗೆ ಏರಬಹುದು?

ದುಡ್ಡಿಲ್ಲದವರಿಗೆ ಅಪ್ರೆಂಟಿಸ್ ದಾರಿಯೂ ಇದೆ. ಅಲ್ಲಿ ಕಲಿಯುವಾಗ ನೀವು ಹಣ ಕಟ್ಟುವುದಿಲ್ಲ, ಕಂಪನಿಯೇ ನಿಮಗೆ ಸ್ಟೈಪೆಂಡ್ ಕೊಡುತ್ತದೆ.

ಕೊನೆಯ ಮಾತು

ಲಾಜಿಸ್ಟಿಕ್ಸ್ ಒಳ್ಳೆಯ ವೃತ್ತಿಯಾಗಬಹುದು. ಆದರೆ ಇಲ್ಲಿ ಮೆಟ್ಟಿಲು ಹತ್ತಿಯೇ ಮೇಲೇರಬೇಕು. ಪಾಠಕ್ಕೆ ಶುಲ್ಕ ಕೇಳಿದರೆ ಯೋಚಿಸಿ ನೋಡಿ, ಕೆಲಸಕ್ಕೇ ಹಣ ಕೇಳಿದರೆ ಕೊಡಬೇಡಿ. ಈಗಾಗಲೇ ಕಳುಹಿಸಿ ಮೋಸಹೋಗಿದ್ದರೆ ತಡಮಾಡದೆ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಿ. ಆ ಸಂದೇಶ ಇನ್ನೂ ನಿಮ್ಮ ಗ್ರೂಪಿನಲ್ಲಿದ್ದರೆ, ಅದರ ಕೆಳಗೆ ಇದನ್ನೂ ಹಾಕಿ.