ಕುಡಿಯುವ ನೀರಿನ ಶುದ್ಧಿಯೂ ನೂತನ ಲೇಪನವೂ

ಮಧುಗಿರಿ, ಶಿರಾ, ಕೊರಟಗೆರೆ ಮತ್ತು ಪಾವಗಡ ತಾಲ್ಲೂಕುಗಳು ಮಳೆ ಕಡಮೆಯಾದ ಸೀಮೆಗೆ ಸೇರಿದವುಗಳೆಂಬುದು ಸರ್ವವಿದಿತವಾದ ಸಂಗತಿಯು. ಕೆರೆಗಳೂ ತೆರೆದ ಬಾವಿಗಳೂ ಬತ್ತುತ್ತ ಬಂದುದರಿಂದ ಜನರು ಕೊಳವೆ ಬಾವಿಗಳನ್ನೇ ಆಶ್ರಯಿಸಬೇಕಾಯಿತು. ಆಳದ ಬಂಡೆಗಳ ಸಂದಿನಲ್ಲಿ ಬಹುಕಾಲ ನಿಂತ ಈ ನೀರಿನಲ್ಲಿ, ಕಲ್ಲಿನ ಖನಿಜಗಳಿಂದ ಕರಗಿಬಂದ ಫ್ಲೋರೈಡು ಅನೇಕ ಗ್ರಾಮಗಳಲ್ಲಿ ಮಿತಿಮೀರಿದೆ. ಭಾರತೀಯ ಮಾನಕದ ಪ್ರಕಾರ ಲೀಟರಿಗೆ ೧ ಮಿಲಿಗ್ರಾಮಿಗಿಂತ ಹೆಚ್ಚು ಫ್ಲೋರೈಡು ಇರಬಾರದು. ಬೇರೆ ನೀರು ದೊರೆಯದಿದ್ದಲ್ಲಿ ಮಾತ್ರ ೧.೫ ಮಿಲಿಗ್ರಾಮಿನವರೆಗೆ ಸಮ್ಮತಿಯುಂಟು. ಈ ಮಿತಿಯನ್ನು ಮೀರಿದ ನೀರನ್ನು ಬಹುಕಾಲ ಕುಡಿದರೆ ಮಕ್ಕಳ ಹಲ್ಲುಗಳು ಕಲೆಗಟ್ಟುವುವು. ಪ್ರಮಾಣ ಇನ್ನೂ ಹೆಚ್ಚಾದರೆ ದೊಡ್ಡವರ ಬೆನ್ನು, ಕೀಲುಗಳು ಬಿಗಿದುಕೊಳ್ಳುವುವು.

ಈಚೆಗೆ ನೀರಿನ ಶುದ್ಧಿಗೆ ಬೆಳಕಿನಿಂದ ಕೆಲಸಮಾಡುವ ಲೇಪನಗಳ ವಿಷಯವು ಪ್ರಸ್ತಾಪಕ್ಕೆ ಬಂದಿದೆ. ಗಾಳಿ ತೆಗೆದ ಪಾತ್ರೆಯೊಳಗೆ ಆರ್ಗಾನ್ ಅನಿಲವನ್ನು ಸ್ವಲ್ಪವಾಗಿ ಬಿಟ್ಟು ವಿದ್ಯುತ್ತನ್ನು ಹಾಯಿಸಿದರೆ, ಅದು ಟ್ಯೂಬ್ ದೀಪದೊಳಗಿನ ಅನಿಲದಂತೆ ಪ್ರಜ್ವಲಿಸುವುದು. ಈ ಸ್ಥಿತಿಗೆ ಪ್ಲಾಸ್ಮಾ ಎಂದು ಹೆಸರು. ಅದರ ಕಣಗಳ ಹೊಡೆತಕ್ಕೆ ಟೈಟಾನಿಯಂ ಲೋಹವು ಪರಮಾಣುಗಳಾಗಿ ಸಿಡಿದು, ಆಕ್ಸಿಜನ್ನಿನೊಡನೆ ಕೂಡಿ, ಗಾಜಿನ ಮೇಲೆ ಅತಿ ತೆಳುವಾದ ಪೊರೆಯಾಗಿ ನಿಲ್ಲುವುದು. ಬೆಳ್ಳಿ ಮೊದಲಾದವುಗಳ ಸೂಕ್ಷ್ಮ ಕಣಗಳನ್ನು ಅದರಲ್ಲಿ ಬೆರಸುವುದೂ ಉಂಟು. ಟೈಟಾನಿಯಂ ಡೈಆಕ್ಸೈಡು ಬೆಳಕಿನಲ್ಲಿ ನೀರನ್ನೇ ವಿಭಜಿಸಬಲ್ಲದೆಂದು ಜಪಾನಿನ ಹೋಂಡಾ ಮತ್ತು ಫುಜಿಶಿಮಾ ಎಂಬ ವಿಜ್ಞಾನಿಗಳು ೧೯೭೨ರಲ್ಲಿ ಪ್ರಕಟಿಸಿದರು. ಸೂರ್ಯನ ಅತಿನೇರಳೆ ಕಿರಣಗಳು ಬಿದ್ದಾಗ ಈ ಪೊರೆಯು ರೋಗಾಣುಗಳನ್ನು ಕೊಲ್ಲುವುದು. ಬಣ್ಣ ಮೊದಲಾದ ಸಾವಯವ ಕಲ್ಮಷಗಳನ್ನು ಒಡೆದುಹಾಕುವುದು.

ಈ ಗುಣವು ಪ್ರಶಂಸನೀಯವೇ ಸರಿ. ಆದರೆ ಫ್ಲೋರೈಡಿನ ಸೀಮೆಯಲ್ಲಿ ಇದನ್ನೇ ನಂಬುವುದು ಪ್ರಮಾದವು. ಕಾರಣವೇನೆಂದರೆ, ರೋಗಾಣುವನ್ನು ಒಡೆದರೆ ಅದು ಸಾಯುವುದು. ಫ್ಲೋರೈಡಾದರೋ ಮೂಲವಸ್ತುವಿನಿಂದಾದುದು, ಅದನ್ನು ಬೆಳಕು ಒಡೆಯಲಾರದು. ಅದನ್ನು ನೀರಿನಿಂದ ಬೇರ್ಪಡಿಸಿಯೇ ತೆಗೆಯಬೇಕು. ಕುದಿಸುವುದರಿಂದಲೂ ಪ್ರಯೋಜನವಿಲ್ಲ, ನೀರು ಆವಿಯಾದಷ್ಟೂ ಉಳಿದುದರಲ್ಲಿ ಫ್ಲೋರೈಡು ಸಾಂದ್ರವಾಗುವುದು. ತಿಳಿಯಾದ, ರೋಗಾಣುರಹಿತವಾದ ನೀರೂ ಈ ದೋಷದಿಂದ ಕೂಡಿರಬಹುದೆಂಬುದನ್ನು ಮರೆಯಬಾರದು.

ಆದುದರಿಂದ ಗ್ರಾಮದ ಮುಖಂಡರು ಯಾವ ಯಂತ್ರಕ್ಕಾದರೂ ಹಣ ವೆಚ್ಚಮಾಡುವ ಮೊದಲು, ಊರಿನ ಪ್ರತಿಯೊಂದು ಕೊಳವೆ ಬಾವಿಯ ನೀರನ್ನೂ ಬೇರೆಬೇರೆಯಾಗಿ ಪರೀಕ್ಷೆ ಮಾಡಿಸತಕ್ಕದ್ದು. ಒಂದೇ ಊರಿನ ಎರಡು ಬಾವಿಗಳ ನೀರಿನಲ್ಲಿ ಬಹಳ ವ್ಯತ್ಯಾಸವಿರುವುದುಂಟು. ದೋಷವುಳ್ಳ ಬಾವಿಗೆ ಗುರುತು ಹಾಕಿ, ಅದರ ನೀರನ್ನು ಕುಡಿಯುವುದಕ್ಕೂ ಅಡುಗೆಗೂ ಬಳಸದಂತೆ ತಿಳಿಸತಕ್ಕದ್ದು. ಆರ್‌ಓ ಘಟಕಗಳು ಫ್ಲೋರೈಡನ್ನು ತೆಗೆಯುವುವಾದರೂ, ಅವು ಹೊರಬಿಡುವ ನೀರಿನಲ್ಲಿ ಅದು ಮೊದಲಿಗಿಂತ ಹೆಚ್ಚಾಗಿರುವುದು. ಆ ನೀರು ಕೆರೆಬಾವಿಗಳಿಗೆ ಸೇರದಂತೆ ಎಚ್ಚರ ವಹಿಸಬೇಕು.

ಛಾವಣಿಯ ಮಳೆನೀರಿನಲ್ಲಿ ಫ್ಲೋರೈಡಿನ ಭಯವು ಇಲ್ಲವೆನ್ನಬಹುದು. ಆದರೆ ಶೇಖರಿಸಿಟ್ಟಾಗ ರೋಗಾಣುಗಳ ಭಯವುಂಟು. ಇನ್ನೂ ಬಹುಮಟ್ಟಿಗೆ ಪ್ರಯೋಗಶಾಲೆಯಲ್ಲಿರುವ ಈ ನೂತನ ಲೇಪನವು ಮುಂದೆ ಸುಲಭ ಬೆಲೆಗೆ ದೊರೆತಲ್ಲಿ, ಅದರ ಯೋಗ್ಯಸ್ಥಾನವು ಇಂತಹ ನೀರಿನ ತೊಟ್ಟಿಯೇ ಹೊರತು ಕೊಳವೆ ಬಾವಿಯಲ್ಲ. ಈ ಸೀಮೆಯಲ್ಲಿ ಬಿಸಿಲಿಗೇನೂ ಕೊರತೆಯಿಲ್ಲ. ಪಾವಗಡದ ತಿರುಮಣಿಯ ಬಳಿಯ ೨,೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ವಿದ್ಯುತ್ ಕ್ಷೇತ್ರವೇ ಇದಕ್ಕೆ ಸಾಕ್ಷಿ. ರೋಗವನ್ನರಿತು ಮದ್ದನ್ನು ಕೊಡುವ ವೈದ್ಯನಂತೆ, ನೀರಿನ ದೋಷವನ್ನರಿತು ಉಪಾಯವನ್ನು ಆರಿಸಿಕೊಳ್ಳುವುದು ಊರಿನ ಹಿರಿಯರ ಕರ್ತವ್ಯವು. ಕೆರೆಯ ಹೂಳೆತ್ತುವುದಕ್ಕೂ ಛಾವಣಿಯ ನೀರನ್ನು ಹಿಡಿದಿಡುವುದಕ್ಕೂ ಜಮೀನುದಾರರು ಮುಂದಾಗುವುದಾದರೆ, ಮುಂದಿನ ಪೀಳಿಗೆಯ ಮಕ್ಕಳ ಹಲ್ಲೂ ಎಲುಬೂ ಉಳಿಯುವುವು.